ಅಕ್ಟೋಬರಿನ ಅಂಕಪಟ್ಟಿ

ಐಸ್ ಹಾಕಿಯಲ್ಲಿ ಚೆಂಡಿಲ್ಲ. ಕಪ್ಪು ರಬ್ಬರಿನ ಬಿಲ್ಲೆಯನ್ನು ಅಟ್ಟುತ್ತ ಆಟಗಾರರು ಮಂಜುಗಡ್ಡೆಯ ಮೇಲೆ ಜಾರುತ್ತಾರೆ. ಅವರನ್ನು ನಂಬಿದವರ ಎದೆಯೂ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಜಾರುತ್ತಲೇ ಇರುತ್ತದೆ.

ಅಮೆರಿಕದ ಸೇಂಟ್ ಲೂಯಿಸ್ ನಗರದ 'ಬ್ಲೂಸ್' ತಂಡ 1967ರಲ್ಲಿ ನ್ಯಾಷನಲ್ ಹಾಕಿ ಲೀಗ್‌ಗೆ ಕಾಲಿಟ್ಟಿತು. ಸ್ಟಾನ್ಲಿ ಕಪ್ ಮಾತ್ರ ಕೈಗೆ ಬರಲಿಲ್ಲ. ಅಜ್ಜ ಕಾದದ್ದನ್ನೇ ಮೊಮ್ಮಗನೂ ಕಾಯುವ ಸ್ಥಿತಿ. 2018ರ ಅಕ್ಟೋಬರಿನಲ್ಲಿ ಮತ್ತೆ ಆಸೆ ಚಿಗುರಿತು. ಆಡಬೇಕಾದದ್ದು 82 ಪಂದ್ಯ. ಗೆದ್ದರೆ 2 ಅಂಕ, ಹೆಚ್ಚುವರಿ ಅವಧಿಯಲ್ಲಿ ಸೋತರೂ 1. (ಸೋತವನ ಬೆನ್ನು ತಟ್ಟುವ ಇಂಥ ಔದಾರ್ಯ ನಮ್ಮ ಪರೀಕ್ಷೆಗಳಲ್ಲಿ ಎಲ್ಲಿದೆ?)

19 ಪಂದ್ಯಗಳಾಗುವಷ್ಟರಲ್ಲಿ ಗೆಲುವು ಏಳೇ. ನವೆಂಬರಿನಲ್ಲಿ ತರಬೇತುದಾರ ಮೈಕ್ ಯೋ ಕೆಲಸ ಕಳೆದುಕೊಂಡರು. ಕ್ರೇಗ್ ಬೆರೂಬಿ ಬಂದರು. ಸೋಲು ಮಾತ್ರ ಹೋಗಲಿಲ್ಲ. 2019ರ ಜನವರಿ 3ರ ಬೆಳಿಗ್ಗೆ 31 ತಂಡಗಳ ಪಟ್ಟಿಯಲ್ಲಿ ಬ್ಲೂಸ್ ಕಟ್ಟಕಡೆಗಿತ್ತು. ಮೊದಲ ಕಿರುಪರೀಕ್ಷೆಯ ಅಂಕ ನೋಡಿಯೇ ಮಗನ ಭವಿಷ್ಯ ಬರೆದುಬಿಡುವ ಅಪ್ಪನಂತೆ, ಆ ವರ್ಷಕ್ಕೆ ಎಳ್ಳುನೀರು ಬಿಟ್ಟವರುಂಟು. ಅವರನ್ನು ದೂರುವಂತೆಯೂ ಇಲ್ಲ. ಪಟ್ಟಿಯೇನೂ ಸುಳ್ಳು ಹೇಳಿರಲಿಲ್ಲ.

ಆದರೆ ಗೋಲ್‌ಕೀಪರ್‌ಗಳ ಸಾಲಿನಲ್ಲಿ ನಾಲ್ಕನೆಯವನಾಗಿ, ಕೆಳಹಂತದ ಲೀಗಿನಲ್ಲಿ ಋತು ಆರಂಭಿಸಿದ್ದ ಜೋರ್ಡಾನ್ ಬಿನ್ನಿಂಗ್ಟನ್ ಇನ್ನೂ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಜನವರಿ 7ರಂದು ಮೊದಲ ಬಾರಿಗೆ ಆರಂಭದಿಂದಲೇ ಗೋಲು ಕಾಯಲು ನಿಂತ ಆತ ಒಂದನ್ನೂ ಬಿಟ್ಟುಕೊಡಲಿಲ್ಲ. ಮುಂದೆ ಸತತ 11 ಗೆಲುವು. ಜೂನ್ 12ರಂದು ಬಾಸ್ಟನ್ ತಂಡವನ್ನು ಅದರ ಅಂಗಳದಲ್ಲೇ 4-1ರಿಂದ ಮಣಿಸಿ ಕಪ್ ಎತ್ತಿದರು.

2019ರ ಅಕ್ಟೋಬರ್ 2ರಂದು ಹೊಸ ಋತುವಿನ ಮೊದಲ ಪಂದ್ಯ. ತವರಿನಲ್ಲೇ, ವಾಷಿಂಗ್ಟನ್ ಎದುರು, ಹೆಚ್ಚುವರಿ ಅವಧಿಯಲ್ಲಿ 3-2ರ ಸೋಲು. ಪಟ್ಟಿಯಲ್ಲಿ ಬ್ಲೂಸ್ ಹೆಸರಿನ ಮುಂದೆ ಒಂದು ಅಂಕ ಬಿತ್ತು.