ಕೊಟ್ಟ ಮಾತಿಗೆ ಕಾಗದದ ಕಾವಲು

ವಕೀಲರೆಂದರೆ ಜಗಳವಾದ ಮೇಲೆ ನೆನಪಾಗುವವರು ಎಂಬ ಭಾವನೆ ನಮ್ಮ ಮನೆತನಗಳಲ್ಲಿ ಇಂದಿಗೂ ಬಲವಾಗಿದೆ. ವ್ಯಾಪಾರವೇನಿದ್ದರೂ ಮಾತಿನ ಮೇಲೆ ನಡೆಯತಕ್ಕದ್ದು. ಬರಹ ಕೇಳಿದರೆ ಎದುರಿನವರನ್ನು ಶಂಕಿಸಿದಂತೆ ಎಂಬುದು ಹಿರಿಯರ ನಿಲುವು. ಒಂದೇ ಸಂತೆಯಲ್ಲಿ ಮುಖ ನೋಡಿ ಕೊಟ್ಟು ತಂದ ಕಾಲಕ್ಕೆ ಅದು ಸಲ್ಲುತ್ತಿತ್ತು. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಈ ಸೀಮೆಯ ಸರಕು ಇಂದು ಕಡಲು ದಾಟಿ ಹೋಗುತ್ತಿದೆ. 1997ರಲ್ಲಿ ಜಪಾನಿನ ಟೊಯೋಟಾ ಕಂಪನಿ ಕಿರ್ಲೋಸ್ಕರ್ ಸಮೂಹದೊಡನೆ ಸೇರಿ ಜಂಟಿ ಸಂಸ್ಥೆ ಕಟ್ಟಿ ಬಿಡದಿಗೆ ಬಂದಿತು. ಅಂಥ ದೊಡ್ಡ ಸಂಸ್ಥೆಗಳಿಗೆ ಕರಾರು ಓದಲೆಂದೇ ಜನರಿರುತ್ತಾರೆ. ಹತ್ತು ಲೇತುಗಳ ಗೊಂಬೆ ಕಾರ್ಖಾನೆಗೆ ಯಾರಿದ್ದಾರೆ?

ಚನ್ನಪಟ್ಟಣದಲ್ಲಿ ನಮ್ಮ ಬಂಧುಗಳದು ಅಂಥದೇ ಒಂದು ಕಾರ್ಖಾನೆ. ಲೆಕ್ಕಪತ್ರವನ್ನು ನಾವು ನೋಡಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ವ್ಯಾಪಾರ ಸಂಸ್ಥೆಯೊಂದು ಅರಗಿನ ಬಣ್ಣದ ಗೊಂಬೆಗಳಿಗೆ ದೊಡ್ಡ ಬೇಡಿಕೆ ಕಳುಹಿಸಿತು. ಜೊತೆಗೆ ಹದಿನೆಂಟು ಪುಟಗಳ ಇಂಗ್ಲಿಷ್ ಕರಾರು. ಹಾಲೆಮರ ಕೊಳ್ಳಲು ಸಾಲ ಎತ್ತಬೇಕಿತ್ತು. ಹದಿನಾಲ್ಕು ಕುಶಲಕರ್ಮಿಗಳ ಮನೆಯ ಒಲೆ ಆ ಬೇಡಿಕೆಯನ್ನೇ ನೆಚ್ಚಿತ್ತು. "ಸಹಿ ಹಾಕಿ ಕಳುಹಿಸಿಬಿಡು, ಬಂದ ಲಕ್ಷ್ಮಿಯನ್ನು ಪ್ರಶ್ನೆ ಕೇಳಬಾರದು" ಎಂದರು ದೊಡ್ಡಪ್ಪನವರು. ಸಹಿಗೆ ಮೊದಲು ಬೆಂಗಳೂರಿನ ಕಂಪನಿ ವ್ಯವಹಾರಗಳ ವಕೀಲರೊಬ್ಬರಿಗೆ ತೋರಿಸೋಣವೆಂದು ಅವರನ್ನು ಒಪ್ಪಿಸಿ ಕರೆದೊಯ್ದೆವು.

ವಕೀಲರು ಓದಿ ಮೂರು ಕಡೆ ಗೆರೆ ಎಳೆದರು. ವಿವಾದ ಬಂದರೆ ಲಂಡನ್ನಿನಲ್ಲಿ ಪಂಚಾಯಿತಿ. ಸರಕು ತಲುಪಿದ ಮೇಲೆ ಯಾವಾಗ ಬೇಕಾದರೂ ತಿರಸ್ಕರಿಸುವ ಹಕ್ಕು. ನಮ್ಮ ಗೊಂಬೆಗಳ ವಿನ್ಯಾಸವೆಲ್ಲ ಕೊಳ್ಳುವವರ ಸೊತ್ತು. "ಯಜಮಾನರೇ, ನಿಮ್ಮ ಮಾತನ್ನು ನಾನು ನಂಬುತ್ತೇನೆ. ಆದರೆ ಅಲ್ಲಿ ಇಂದು ನಿಮ್ಮೊಡನೆ ಮಾತನಾಡಿದವರು ನಾಳೆ ಆ ಕುರ್ಚಿಯಲ್ಲಿ ಇರಲಾರರು. ಕಾಗದ ಇರುತ್ತದೆ" ಎಂದರು. ದೊಡ್ಡಪ್ಪನವರು ಮಾತನಾಡಲಿಲ್ಲ.

ವಕೀಲರ ಪತ್ರ ಹೋಯಿತು. ಬೇಡಿಕೆ ಕೈತಪ್ಪೀತೆಂಬ ಅಳುಕಿನಲ್ಲೇ ಎರಡು ವಾರ ಕಳೆದವು. ಕಡೆಗೆ ಉತ್ತರ ಬಂದಿತು: ಸರಕನ್ನು ಚನ್ನಪಟ್ಟಣದಲ್ಲೇ ಪರೀಕ್ಷಿಸಿ ಸಹಿ ಮಾಡುವುದು, ಮೂರರಲ್ಲೊಂದು ಪಾಲು ಮುಂಗಡ, ಅವರು ಕೊಟ್ಟ ವಿನ್ಯಾಸ ಮಾತ್ರ ಅವರದು. ಬೆಂಗಳೂರಿನ ಪಂಚಾಯಿತಿಗೆ ಒಪ್ಪಲಿಲ್ಲ, ಸಿಂಗಪುರಕ್ಕೆ ಒಪ್ಪಿದರು. ಹೀಗೆ ನೇಮಕವಾದ ಮಧ್ಯಸ್ಥರ ತೀರ್ಪನ್ನು 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಸೇರಿದ ದೇಶಗಳು ತಮ್ಮ ನ್ಯಾಯಾಲಯಗಳ ಮೂಲಕ ಜಾರಿಗೊಳಿಸುತ್ತವೆ. ನಮ್ಮ ಊರಿನ ಕೋರ್ಟಿನ ಡಿಕ್ರಿಗೆ ಹೊರದೇಶದಲ್ಲಿ ಅಷ್ಟು ಸುಲಭವಾಗಿ ಬೆಲೆ ಸಿಗದು ಎಂದು ವಕೀಲರು ವಿವರಿಸಿದರು. ಮುಂದೆ ಎರಡು ಪೆಟ್ಟಿಗೆಗಳ ಬಣ್ಣದ ಬಗ್ಗೆ ತಕರಾರು ಬಂದಾಗ ಪರೀಕ್ಷೆಯ ಸಹಿಯಿದ್ದ ಕಾಗದ ಕಳುಹಿಸಿದೆವು. ಹಣ ಪೂರ್ತಿ ಬಂದಿತು.

ನಮ್ಮ ಸೊತ್ತಿಗೆ ಇರುವ ರಕ್ಷಣೆಯೂ ಹಲವರಿಗೆ ತಿಳಿದಿಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ 2005-06ರಲ್ಲೇ ಭೌಗೋಳಿಕ ಸೂಚಕದ ನೋಂದಣಿಯಾಗಿದೆ. ಆದರೆ ತಯಾರಕರು ತಾವೂ ಅಧಿಕೃತ ಬಳಕೆದಾರರೆಂದು ಹೆಸರು ಬರೆಸಬೇಕು. ಆಟಿಕೆಗಳಿಗೆ ಗುಣಮಟ್ಟದ ಮುದ್ರೆಯನ್ನು ಕಡ್ಡಾಯಗೊಳಿಸಿದ 2020ರ ಕೇಂದ್ರ ಆದೇಶದಲ್ಲಿ ಇಂಥವರಿಗೆ ವಿನಾಯಿತಿ ದೊರೆತಿದ್ದನ್ನು ನೆನೆದರೆ, ಒಂದು ಅರ್ಜಿಯ ಬೆಲೆ ತಿಳಿಯುತ್ತದೆ. ಈ ನೋಂದಣಿ ಭಾರತದೊಳಗೆ ಮಾತ್ರ ಕಾಯುತ್ತದೆ. ಹೊರಗೆ ಹೆಸರು ಉಳಿಯಬೇಕಾದರೆ ಆಯಾ ದೇಶದಲ್ಲಿ ಬೇರೆಯೇ ವ್ಯವಸ್ಥೆ ಆಗಬೇಕು.

ದೇಶದೊಳಗಿನ ವ್ಯಾಪಾರಕ್ಕೂ ಇದೇ ಎಚ್ಚರ ಸಲ್ಲುತ್ತದೆ. ಅಣ್ಣತಮ್ಮಂದಿರ ಪಾಲುದಾರಿಕೆ ನೋಂದಣಿಯಾಗದಿದ್ದರೆ, 1932ರ ಕಾಯಿದೆಯಂತೆ ಬಾಕಿದಾರರ ಮೇಲೆ ಕರಾರಿನ ದಾವೆ ಹೂಡಲು ಸಂಸ್ಥೆಗೆ ಅಧಿಕಾರವಿರುವುದಿಲ್ಲ. ಸಣ್ಣ ಉದ್ದಿಮೆಯೆಂದು ನೋಂದಾಯಿಸಿಕೊಂಡ ತಯಾರಕರಿಗೆ 2006ರ ಕಾಯಿದೆಯಡಿ ಖರೀದಿದಾರರು 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು.

ಬರಹವೆಂದರೆ ಅಪನಂಬಿಕೆ ಎನ್ನುವವರು ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯನ್ನು ನೋಡಬೇಕು. ಪರವಾನಗಿ ಪಡೆದ ರೀಲರುಗಳು ಎಲ್ಲರ ಎದುರು ಹರಾಜಿನಲ್ಲಿ ಕೊಳ್ಳುತ್ತಾರೆ. ತೂಕ, ದರ ಎರಡೂ ಬರಹಕ್ಕೆ ಇಳಿಯುತ್ತವೆ. ಅದರಿಂದ ರೈತನಿಗೂ ರೀಲರಿಗೂ ನಡುವೆ ಹಗೆ ಹುಟ್ಟಿಲ್ಲ, ವಿಶ್ವಾಸ ಬೆಳೆದಿದೆ. ಕರಾರೂ ಹಾಗೆಯೇ. ಕೊಟ್ಟ ಮಾತನ್ನು ಉಳಿಸಿಕೊಳ್ಳುವವನಿಗೆ ಅದು ಹೊರೆಯಲ್ಲ.

ನಮ್ಮ ಕುಟುಂಬಗಳ ಎಷ್ಟೋ ಹೆಣ್ಣುಮಕ್ಕಳು, ಗಂಡುಮಕ್ಕಳು ಇಂದು ಕಾನೂನು ಓದುತ್ತಿದ್ದಾರೆ. ಅವರು ವಾರಕ್ಕೊಂದು ದಿನ ಊರಿನ ಸಣ್ಣ ಕಾರ್ಖಾನೆಯವರ ಕಾಗದಪತ್ರಗಳನ್ನು ಕನ್ನಡದಲ್ಲಿ ತಿಳಿಯಹೇಳಿದರೆ ಅದಕ್ಕಿಂತ ದೊಡ್ಡ ಕಾಯಕ ಯಾವುದು? ಹಿರಿಯರು ಸಹಿಗೆ ಮೊದಲು ಅವರನ್ನು ಕೇಳುವ ಸೌಜನ್ಯ ತೋರಲಿ. ಅವರೂ ಹಿರಿಯರ ಮಾತಿನ ಘನತೆಯನ್ನು ಕಾಗದದಲ್ಲಿ ಕಾಯಲಿ.