ಕಾಳು, ಓಮ್ನಿ ಮತ್ತು ಮೂರು ರಾತ್ರಿಯ ಕಡಲು

ನಮ್ಮ ಮನೆ ಹಿಂದಿನ ತೋಡಿನ ನೀರು ಕಾವೇರಿಗೆ ಹೋಗೋದಿಲ್ಲ. ಇದನ್ನ ಬೆಂಗಳೂರಿನ ಗೆಳೆಯರಿಗೆ ಹೇಳಿದ್ರೆ ನಂಬೋದೇ ಇಲ್ಲ. ಕೊಡಗು ಅಂದಮೇಲೆ ಕಾವೇರಿ, ಅಷ್ಟೇ ಅವರ ಲೆಕ್ಕ. ಆದರೆ ಮಡಿಕೇರಿಯಿಂದ ಪಶ್ಚಿಮಕ್ಕೆ ಘಾಟಿ ಇಳಿದರೆ ಮದೆನಾಡು, ಜೋಡುಪಾಲ, ಸಂಪಾಜೆ ಕಡೆ ಬೀಳುವ ಮಳೆ ಪಯಸ್ವಿನಿಗೆ ಸೇರಿದ್ದು. ಕಾವೇರಿ 800 ಕಿಲೋಮೀಟರ್ ನಡೆದು, ದಾರಿಯುದ್ದಕ್ಕೂ ಎರಡು ರಾಜ್ಯಗಳ ಜಗಳ ಕೇಳಿಸಿಕೊಂಡು ಬಂಗಾಳ ಕೊಲ್ಲಿಗೆ ಹೋಗ್ತಾಳೆ. ನಮ್ಮ ಪಯಸ್ವಿನಿ ಸುಮಾರು 105 ಕಿಲೋಮೀಟರಿನಲ್ಲೇ ಕೆಲಸ ಮುಗಿಸಿ, ಕಾಸರಗೋಡಿನ ಹತ್ತಿರ ಚಂದ್ರಗಿರಿ ಅನ್ನೋ ಹೆಸರಲ್ಲಿ ಅರಬ್ಬಿ ಸಮುದ್ರ ಸೇರಿಬಿಡ್ತದೆ. ಹಾಗಾಗಿ ಕೊಡಗಿನವರಾದ ನಮಗೂ ಒಂದು ಸಮುದ್ರ ಇದೆ ಅನ್ನೋದು ನನ್ನ ವಾದ.

ಆ ಸಮುದ್ರಕ್ಕೆ ಈ ಫೆಬ್ರವರಿಯಲ್ಲಿ ನಾಯಿಯನ್ನ ಕರೆದುಕೊಂಡು ಹೋಗಿದ್ದೆ. ಅಮ್ಮ ಕೇಳಿದ ಪ್ರಶ್ನೆ ಒಂದೇ. "ನಾಯಿಗೆ ಎಂತಕ್ಕೆ ಸಮುದ್ರ?"

ಎಂತಕ್ಕೆ ಅಂದ್ರೆ, ಅಪ್ಪನಿಗೆ ಎರಡೂ ಮಂಡಿ ಹೋಗಿದೆ. ನಮ್ಮ ತೋಟ ಇಳಿಜಾರು, ಒಂದು ಸಲ ಕೆಳಗಿಳಿದರೆ ಮೇಲೆ ಹತ್ತೋಕೆ ಅರ್ಧ ಗಂಟೆ. ಆಳು ಸಿಗಲ್ಲ. ನಾನಂತೂ ಬಿಇ ಮಾಡಿ ಬೆಂಗಳೂರಲ್ಲಿ ಕೀಬೋರ್ಡ್ ಕುಟ್ಟುವವ. ಏಪ್ರಿಲ್‌ನಿಂದ ತೋಟ ಲೀಸ್‌ಗೆ, ಅಪ್ಪ ಅಮ್ಮ ಮೈಸೂರಿಗೆ ಅಕ್ಕನ ಮನೆಗೆ ಅಂತ ತೀರ್ಮಾನ ಆಯ್ತು. ಪಾತ್ರೆ, ಅಟ್ಟದ ಮೇಲಿನ ಪೆಟ್ಟಿಗೆ, ಕೋವಿ ಲೈಸೆನ್ಸು ಎಲ್ಲದಕ್ಕೂ ದಾರಿ ಸಿಕ್ಕಿತು. ದಾರಿ ಸಿಗದೇ ಉಳಿದದ್ದು ಕಾಳು ಒಬ್ಬನಿಗೆ. ಅಕ್ಕನ ಮಗನಿಗೆ ನಾಯಿ ಕೂದಲು ಆಗಲ್ಲ, ಉಸಿರು ಕಟ್ಟುತ್ತೆ. ಉಳಿದದ್ದು ನನ್ನ ಮೂರನೇ ಮಹಡಿಯ ಎರಡು ಬೆಡ್‌ರೂಮಿನ ಮನೆ. "ಮಣ್ಣಿನ ನಾಯಿ ಅದು, ಟೈಲ್ಸ್ ಮೇಲೆ ಹೇಗೆ ಇರ್ತದೆ?" ಅಂದರು ಅಪ್ಪ. ನನಗೂ ಗೊತ್ತಿರಲಿಲ್ಲ.

ಕಾಳು ಏಳು ವರ್ಷದ ಕಪ್ಪು ನಾಯಿ, ಜಾತಿ ಗೀತಿ ಇಲ್ಲ. ಮೆಣಸಿನ ಚೀಲಗಳ ನಡುವೆ ಸಿಕ್ಕಿದ್ದಕ್ಕೆ ಆ ಹೆಸರು. ಹಗಲು ಕಣದಲ್ಲಿ ಒಣಗುವ ಕಾಫಿಗೆ ಕಾವಲು, ರಾತ್ರಿ ಜಗಲಿ. ಚಿರತೆ ಬಂದ ರಾತ್ರಿ ಮಾತ್ರ ಸೌದೆ ಕೊಟ್ಟಿಗೆ. ಒಂದು ದಿನವೂ ಮನೆಯೊಳಗೆ ಮಲಗಿದವನಲ್ಲ. ನನ್ನನ್ನು ಕಂಡರೆ ಬಾಲ ಆಡಿಸ್ತಾನೆ, ಆದರೆ ಅದು ನೆಂಟರಿಗೆ ಆಡಿಸುವ ಬಾಲ. ಇಂಥವನನ್ನ ನೇರ ಬೆಂಗಳೂರಿಗೆ ಒಯ್ಯುವ ಮೊದಲು ಒಂದು ಟ್ರಯಲ್ ಆಗಬೇಕು ಅನ್ನಿಸಿತು. ನಾಲ್ಕು ದಿನ ನಾನು, ಅವನು, ಒಂದು ಸಣ್ಣ ಡಬ್ಬಿಯಂಥ ಜಾಗ. ಹೊಂದಿಕೊಂಡರೆ ಬೆಂಗಳೂರು. ಇಲ್ಲಾಂದ್ರೆ ನೋಡೋಣ.

ಡಬ್ಬಿ ಅಂದದ್ದು ಅಪ್ಪನ ಓಮ್ನಿಗೆ. ಯೂಟ್ಯೂಬಲ್ಲಿ ವ್ಯಾನ್ ಕ್ಯಾಂಪಿಂಗ್ ಅಂತ ನೋಡಿದರೆ ಒಳಗೆ ಸಿಂಕು, ಫ್ರಿಜ್ಜು, ಕಿಟಕಿಗೆ ಪರದೆ, ಗಿಟಾರು. ನಮ್ಮದರಲ್ಲಿ ಶುಂಠಿ ಮಣ್ಣು, ಗೊಬ್ಬರದ ವಾಸನೆ. 1984ರಲ್ಲಿ ಮಾರುತಿ ವ್ಯಾನ್ ಅಂತ ಶುರುವಾಗಿ 2019ಕ್ಕೆ ನಿಂತುಹೋದ ಗಾಡಿ. ಸಿನಿಮಾದವರು ಅದನ್ನ ಕಿಡ್ನ್ಯಾಪ್ ಮಾಡೋಕೆ ಬಳಸಿದ್ದು ಬಿಟ್ಟರೆ ಅದರ ಬಗ್ಗೆ ಯಾರೂ ಒಳ್ಳೆ ಮಾತಾಡಿದ್ದು ಕಡಿಮೆ. 796 ಸಿಸಿ ಎಂಜಿನ್, ಅದೂ ಮುಂದಿನ ಸೀಟಿನ ಕೆಳಗೆ. ಎಸಿ ಇಲ್ಲ. ಸೀಟು ಕಿತ್ತು ಮಂಚ ಮಾಡೋಣ ಅಂದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಗಾಡಿಯ ಮೂಲ ರಚನೆ ನಮ್ಮಿಷ್ಟಕ್ಕೆ ಬದಲಾಯಿಸೋ ಹಾಗಿಲ್ಲ. ಹಾಗಾಗಿ ಹಿಂದಿನ ಸೀಟಿನ ಬೆನ್ನು ಮಡಚಿ, ಮೇಲೆ ಪ್ಲೈವುಡ್ ಹಲಗೆ, ಹಲಗೆ ಮೇಲೆ ಹಳೇ ಹಾಸಿಗೆ. ಸೊಳ್ಳೆ ಪರದೆ, ಇಪ್ಪತ್ತು ಲೀಟರ್ ನೀರಿನ ಕ್ಯಾನು, ಸಣ್ಣ ಗ್ಯಾಸ್ ಒಲೆ, ಕುಸುಬಲಕ್ಕಿ, ಕಾಳುವಿನ ರೇಬೀಸ್ ಲಸಿಕೆ ಕಾರ್ಡು. ಮುಗೀತು.

ಬೆಳಗ್ಗೆ ಐದಕ್ಕೆ ಹೊರಟ್ವಿ. ಸಂಪಾಜೆ ಘಾಟಿ ನನಗೆ ಅಂಗೈ ಗೆರೆ ಇದ್ದ ಹಾಗೆ, ಸುಳ್ಯದಲ್ಲಿ ಬಿಇ ಮಾಡುವಾಗ ನಾಲ್ಕು ವರ್ಷ ಬಸ್ಸಲ್ಲಿ ನೇತಾಡಿದ ದಾರಿ. 2018ರ ಆಗಸ್ಟಲ್ಲಿ ಜೋಡುಪಾಲದ ಹತ್ತಿರ ಗುಡ್ಡವೇ ಇಳಿದು ಬಂದು ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಅಲ್ಲಿ ಈಗಲೂ ನನಗೆ ಗೊತ್ತಿಲ್ಲದೇ ಕಾಲು ಬ್ರೇಕಿನ ಮೇಲೆ ಹೋಗ್ತದೆ. ಕಾಳು ಮೊದಲು ನನ್ನ ಪಕ್ಕ ಕೂತ. ಕೊಯನಾಡು ತಲುಪುವಷ್ಟರಲ್ಲಿ ಸೀಟಿನ ಕೆಳಗಿನ ಎಂಜಿನ್ ಕಾದು ಅವನ ಹೊಟ್ಟೆ ಬಿಸಿಯಾಯ್ತು. ನನ್ನನ್ನೇ ಅಪರಾಧಿ ತರ ಒಮ್ಮೆ ನೋಡಿ ಹಿಂದಿನ ಹಾಸಿಗೆಗೆ ಹಾರಿದವ ಮತ್ತೆ ನಾಲ್ಕು ದಿನ ಮುಂದಕ್ಕೆ ಬರಲೇ ಇಲ್ಲ.

ಸುಳ್ಯ ದಾಟಿ, ಜಾಲ್ಸೂರಿನಲ್ಲಿ ಎಡಕ್ಕೆ ತಿರುಗಿ, ಮುಳ್ಳೇರಿಯ, ಬೋವಿಕ್ಕಾನ, ಚೆರ್ಕಳ. ದಾರಿಯಲ್ಲಿ ಕನ್ನಡ ಬೋರ್ಡು, ಮಲಯಾಳ ಬೋರ್ಡು ಒಂದರ ಹೆಗಲ ಮೇಲೆ ಇನ್ನೊಂದು. ಕಾಸರಗೋಡು ದಾಟಿ ಚಂದ್ರಗಿರಿ ಸೇತುವೆ ಮೇಲೆ ಗಾಡಿ ನಿಧಾನ ಮಾಡಿದೆ. ದಕ್ಷಿಣ ದಡದಲ್ಲಿ ಕೋಟೆ, ಕೆಳಗೆ ಅಗಲವಾಗಿ ಮಲಗಿದ ಹೊಳೆ. ನಮ್ಮ ಮನೆ ಹಿಂದೆ ಒಂದೇ ಹಾರಿಗೆ ದಾಟುವ ನೀರು ಇದೇನಾ ಅನ್ನಿಸುವಷ್ಟು ಅಗಲ. 1967ರ ಮಹಾಜನ್ ವರದಿ ಇದೇ ಚಂದ್ರಗಿರಿ-ಪಯಸ್ವಿನಿಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ, ಅಂದ್ರೆ ಆಗಿನ ಮೈಸೂರಿಗೆ ಸೇರಬೇಕು ಅಂದಿತ್ತು. ಸೇರಲಿಲ್ಲ. ನಮ್ಮ ಗದ್ದೆ ಬದುವಿನಿಂದ ಹೊರಟ ನೀರು ಇಲ್ಲಿ ಬಂದು ಇಷ್ಟು ದೊಡ್ಡ ಗಡಿ ತಕರಾರಿಗೆ ಗೆರೆಯಾಗಿದೆ ಅಂತ ಅಪ್ಪನಿಗೆ ಫೋನಲ್ಲಿ ಹೇಳಿದೆ. ಅಪ್ಪ ಎಲ್ಲ ಕೇಳಿ, "ಅದಕ್ಕೆ ಊಟ ಆಯ್ತಾ?" ಅಂದರು. ನಾಯಿಗೆ. ನಾಲ್ಕು ದಿನವೂ ಇದೇ ಪ್ರಶ್ನೆ. ನನ್ನ ಊಟದ ಬಗ್ಗೆ ಒಂದು ಸಲವೂ ಕೇಳಲಿಲ್ಲ.

ಕಾಳು ಸಮುದ್ರ ನೋಡಿದ್ದು ಬೇಕಲದ ಹತ್ತಿರದ ಒಂದು ದಡದಲ್ಲಿ, ಸಂಜೆ ಐದೂವರೆಗೆ. ಮೊದಲು ನೀರಿಗೆ ಬಾಯಿ ಹಾಕಿ, ಮುಖ ಗಂಟಿಕ್ಕಿ, ಉಗುಳುವ ಹಾಗೆ ತಲೆ ಕೊಡವಿದ. ಆಮೇಲೆ ಒಂದು ಅಲೆ ಅವನ ಕಾಲ ತನಕ ಬಂತು. ಬೊಗಳಿದ. ಅಲೆ ಹಿಂದೆ ಹೋಯ್ತು. ಅಷ್ಟೇ ಸಾಕಾಯ್ತು ಅವನಿಗೆ. ಮುಂದಿನ ಮುಕ್ಕಾಲು ಗಂಟೆ ಬಂದ ಪ್ರತಿ ಅಲೆಯನ್ನೂ ಬೊಗಳಿ ಓಡಿಸಿದ, ಪ್ರತಿಯೊಂದೂ ಹೆದರಿ ವಾಪಸ್ ಹೋಯ್ತು. ಇಡೀ ಕೇರಳ ಕರಾವಳಿಯನ್ನ ಆ ಸಂಜೆ ಕಾಪಾಡಿದ್ದು ತಾನೇ ಅನ್ನುವ ಮುಖ ಮಾಡ್ಕೊಂಡು ಬಂದು ಮಲಗಿದ. (ತಾನಾಗೇ ಸರಿಹೋದ ಸರ್ವರ್ ಮುಂದೆ ನಿಂತು ಹೀಗೆ ಕ್ರೆಡಿಟ್ ತಗೊಳ್ಳೋರು ನಮ್ಮ ಆಫೀಸಲ್ಲೂ ಇದ್ದಾರೆ.)

ರಾತ್ರಿ ಗಾಡಿ ನಿಲ್ಲಿಸೋಕೆ ಅಲ್ಲಿನ ಚಹಾ ಅಂಗಡಿಯವರನ್ನ ಕೇಳಿದೆ. ಅವರ ಕನ್ನಡವೂ ನನ್ನ ಮಲಯಾಳವೂ ಒಂದೇ ಮಟ್ಟದ್ದು. ನಿಲ್ಲಿಸಿ, ಆದರೆ ತೆಂಗಿನ ಮರದ ಕೆಳಗೆ ಬೇಡ ಅಂದರು. ಒಬ್ಬನೇ ಹೀಗೆ ಹೋಗುವವರಿಗೆ ನಾನು ಹೇಳೋದು ಇಷ್ಟೇ, ಕತ್ತಲಾಗುವ ಮೊದಲು ಹತ್ತಿರದ ಅಂಗಡಿ ಅಥವಾ ಮನೆಯವರನ್ನ ಕೇಳಿ. ಕೇಳಿ ನಿಲ್ಲಿಸಿದ ಗಾಡಿಯನ್ನ ಊರೇ ನೋಡಿಕೊಳ್ತದೆ. ಕೇಳದೆ ನಿಲ್ಲಿಸಿದ್ದನ್ನೂ ಊರೇ ನೋಡಿಕೊಳ್ತದೆ, ಅದು ಬೇರೆ ರೀತಿ.

ಆ ರಾತ್ರಿ ಜಾರುವ ಬಾಗಿಲು ಪೂರ್ತಿ ತೆರೆದಿಟ್ಟು ಪರದೆ ಕಟ್ಟಿದ್ದೆ. ಕಾಳು ಹಾಸಿಗೆಗೆ ಬರಲಿಲ್ಲ. ಬಾಗಿಲ ಅಂಚಿನಲ್ಲಿ ಮೂತಿ ಹೊರಗೆ ಹಾಕಿ ಕಾವಲು ಕೂತ. ಹನ್ನೊಂದರ ಹೊತ್ತಿಗೆ ದಡದ ನಾಯಿಗಳು ಐದು ಬಂದು ಸುತ್ತ ನಿಂತವು. ಸಮುದ್ರವನ್ನೇ ಓಡಿಸಿದ ವೀರ ಸದ್ದಿಲ್ಲದೆ ಒಳಗೆ ಬಂದು ನನ್ನ ಕಾಲ ಹತ್ತಿರ ಮಲಗಿದ. ನನಗೆ ಒಳಗೊಳಗೇ ಖುಷಿ. ಟ್ರಯಲ್ ಪಾಸಾಗ್ತಾ ಇದೆ ಅನ್ನಿಸ್ತು.

ಮರುದಿನ ಮಂಜೇಶ್ವರ, ತಲಪಾಡಿ, ಮಂಗಳೂರು ದಾಟಿ ಉತ್ತರಕ್ಕೆ. ಹಗಲು ಹತ್ತರಿಂದ ನಾಲ್ಕರ ತನಕ ಓಡಿಸೋದಿಲ್ಲ ಅಂತ ನಿಯಮ ಮಾಡ್ಕೊಂಡಿದ್ದೆ. ಓಮ್ನಿಯ ತಗಡು ಕಾದರೆ ಒಳಗೆ ಒಲೆ, ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ, ನಾಲಿಗೆ ಹೊರಗೆ ಹಾಕಿಯೇ ತಣ್ಣಗಾಗಬೇಕು. ಪಡುಬಿದ್ರಿಯ ಬೀಚು ಚಂದ ಅಂತಾರೆ, 2020ರಲ್ಲಿ ಬ್ಲೂ ಫ್ಲಾಗ್ ಸಿಕ್ಕಿದ್ದು. ಆ ಬಾವುಟದ ಷರತ್ತುಗಳಲ್ಲಿ ನಾಯಿಗಳನ್ನ ದಡಕ್ಕೆ ಬಿಡುವುದಕ್ಕೆ ಬಿಗಿ ನಿಯಂತ್ರಣ ಇರಬೇಕು ಅಂತಲೂ ಇದೆ. ಮಕ್ಕಳು ಆಡುವ ಜಾಗ, ಸರಿಯಾದದ್ದೇ. ಮುಂದೆ ಹೋದ್ವಿ. ಕಾಪುವಿನ ದೀಪಸ್ತಂಭ 1901ರದ್ದು. ಅದನ್ನ ದೂರದಿಂದಲೇ ನೋಡಿ, ಕಾಳು ಅದರ ದಿಕ್ಕಿಗೆ ಒಮ್ಮೆ ಕಾಲೆತ್ತಿ, ಮತ್ತೆ ಹೊರಟ್ವಿ.

ಎರಡನೇ ರಾತ್ರಿ ಉಡುಪಿ ದಾಟಿದ ಮೇಲೆ ಹೆದ್ದಾರಿ ಪಕ್ಕದ ಒಂದು ಪೆಟ್ರೋಲ್ ಬಂಕು. ಲಾರಿಗಳ ಸಾಲು, ಏರ್ ಹಾರ್ನು, ಟ್ಯೂಬ್‌ಲೈಟು. ಇಲ್ಲಿ ಕಾಳುಗೆ ನಿದ್ದೆ ಬರಲ್ಲ ಅಂದುಕೊಂಡಿದ್ದೆ. ಗೊರಕೆ ಹೊಡೆದು ಮಲಗಿದ. ಬೆಂಗಳೂರಿನ ಸದ್ದು ಇವನಿಗೆ ಲೆಕ್ಕಕ್ಕಿಲ್ಲ ಅಂತ ಮನಸ್ಸಲ್ಲೇ ಇನ್ನೊಂದು ಟಿಕ್ ಹಾಕಿದೆ. ಬೆಳಗಿನ ನಾಲ್ಕೂವರೆಗೆ ಶೌಚಾಲಯಕ್ಕೆ ಹೋಗಬೇಕಾಗಿ, ಕಿಟಕಿ ಅರ್ಧ ಬಿಟ್ಟು ಬಾಗಿಲು ಎಳೆದೆ.

ಹತ್ತು ಹೆಜ್ಜೆ ಹೋಗಿರಲಿಲ್ಲ. ಆ ಊಳು ನಾನು ಯಾವತ್ತೂ ಕೇಳಿದ್ದಲ್ಲ. ಚಿರತೆ ಬಂದ ರಾತ್ರಿಯಲ್ಲೂ ಅವನು ಹಾಗೆ ಕೂಗಿದವನಲ್ಲ. ಉಗುರಲ್ಲಿ ತಗಡು ಕೆರೆಯುವ ಸದ್ದು, ಇಡೀ ಗಾಡಿ ಅಲ್ಲಾಡ್ತಾ ಇದೆ. ಬಂಕಿನ ಕಾವಲುಗಾರ ಟಾರ್ಚ್ ಹಿಡಿದು ಓಡಿ ಬಂದವನು ಓಮ್ನಿಯನ್ನೂ ನನ್ನನ್ನೂ ನೋಡಿ, "ಒಳಗೆ ಯಾರನ್ನ ಹಾಕಿದ್ದೀರಿ ಮಾರಾಯ್ರೆ?" ಅಂದ. ಬಾಗಿಲು ತೆರೆದೆ. ಕಾಳು ಹೊರಗೆ ಹಾರಿ, ನನ್ನ ಹತ್ತಿರ ಬರಲಿಲ್ಲ. ದೂರ ಹೋಗಿ ನಿಂತು ನಡುಗಿದ.

ನಮ್ಮ ಕೆಲಸದಲ್ಲಿ ಒಂದು ಅಭ್ಯಾಸ, ತೊಂದರೆ ಕಂಡರೆ ಯಾವುದರಿಂದ ಅಂತ ಒಂದೊಂದೇ ಬದಲಿಸಿ ನೋಡೋದು. ಮರುದಿನ ಬೆಳಗ್ಗೆ ನೆರಳಲ್ಲಿ ಗಾಡಿ ನಿಲ್ಲಿಸಿ ನೋಡಿದೆ. ಬಾಗಿಲು ತೆರೆದು, ಹಗ್ಗದಲ್ಲಿ ಕಟ್ಟಿ, ನಾನು ಮರೆಗೆ ಹೋಗಿ ಇಪ್ಪತ್ತು ನಿಮಿಷ ನಿಂತೆ. ಅವನು ನೊಣ ಹಿಡೀತಾ ಆರಾಮ ಇದ್ದ. ಆಮೇಲೆ ನಾನು ಒಳಗೇ ಕೂತು ಬಾಗಿಲು ಎಳೆದೆ. ಕುಂಯ್ ಅಂತ ಎದ್ದ, ಬಾಗಿಲ ಸಂದಿಗೆ ಮೂತಿ ಒತ್ತಿದ. ಅಂದ್ರೆ ನಾನು ಇದ್ದೇನೋ ಇಲ್ಲವೋ ಅವನಿಗೆ ದೊಡ್ಡ ವಿಷಯವೇ ಅಲ್ಲ. ಬಾಗಿಲು ಮುಚ್ಚಿದೆಯೋ ಇಲ್ಲವೋ ಅನ್ನೋದೇ ವಿಷಯ. ಸ್ವಲ್ಪ ಬೇಜಾರೇ ಆಯ್ತು, ನಿಜ ಹೇಳ್ತೇನೆ.

ಮೂರನೇ ರಾತ್ರಿ ಮರವಂತೆ. ಒಂದು ಕಡೆ ಸಮುದ್ರ, ನಡುವೆ ಹೆದ್ದಾರಿ, ಇನ್ನೊಂದು ಕಡೆ ಸೌಪರ್ಣಿಕಾ. ಫೋಟೋದಲ್ಲಿ ಎಲ್ಲರೂ ನೋಡಿದ್ದೇ. ಸ್ವಲ್ಪ ಆಚೆ ಮನೆಗಳಿರುವ ಕಡೆ ಕೇಳಿ ಗಾಡಿ ನಿಲ್ಲಿಸಿದೆ. ಬಲೆ ಸರಿಮಾಡುತ್ತಿದ್ದ ಒಬ್ಬ ಹಿರಿಯರು ಬಂದು, ನಾಯಿಯನ್ನ ರಾತ್ರಿ ಬಿಡಬೇಡಿ ಅಂದರು. ಕಚ್ಚುತ್ತೆ ಅಂತಲೋ ಅಂದುಕೊಂಡೆ. ಅದಲ್ಲ, ಆಮೆ. ಚಳಿಗಾಲದಿಂದ ಮಾರ್ಚ್‌ವರೆಗೆ ಈ ದಡಗಳಿಗೆ ಕಡಲಾಮೆ ಮೊಟ್ಟೆ ಇಡೋಕೆ ಬರ್ತದೆ, ಆಲಿವ್ ರಿಡ್ಲೆ. ಒಂದು ಗುಂಡಿಯಲ್ಲಿ ನೂರರಷ್ಟು ಮೊಟ್ಟೆ, ಮರಿಯಾಗೋಕೆ ಸುಮಾರು ಐವತ್ತು ದಿನ. ಅಷ್ಟರಲ್ಲಿ ನಾಯಿ ವಾಸನೆ ಹಿಡಿದು ಕೆದರಿದರೆ ಒಂದೇ ರಾತ್ರಿಗೆ ಎಲ್ಲ ಮುಗೀತು. ಗೂಡು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ, ಸುತ್ತ ಬಲೆ ಕಟ್ಟಿ ಕಾಯ್ತೇವೆ ಅಂದರು. ಅದನ್ನ ಹೇಳುವಾಗ ಅವರ ದನಿ, ಕಾಡುಹಂದಿ ಗದ್ದೆಗೆ ಬರುವ ಬಗ್ಗೆ ಅಪ್ಪ ಮಾತಾಡುವಾಗಿನ ದನಿಯೇ.

ಹಗ್ಗ ಉದ್ದ ಬಿಟ್ಟು, ಗಾಡಿಯ ಚಕ್ರಕ್ಕೆ ಕಟ್ಟಿ, ಬಾಗಿಲು ತೆರೆದಿಟ್ಟೆ. ಕಾಳು ಮರಳಲ್ಲಿ ಗುಂಡಿ ತೋಡಿ ಅದರಲ್ಲೇ ಮಲಗಿದ. ನಾನು ಹಲಗೆ ಮೇಲೆ ಮಲಗಿ ನನ್ನ ಮನೆಯ ಬಾಗಿಲುಗಳನ್ನ ಎಣಿಸಿದೆ. ಮುಂಬಾಗಿಲು, ಅದರಾಚೆ ಗ್ರಿಲ್ಲು, ಲಿಫ್ಟಿನ ಬಾಗಿಲು, ಕೆಳಗೆ ಗೇಟು. ಬಾಲ್ಕನಿಗೆ ಪಾರಿವಾಳದ ಬಲೆ. ಅಪಾರ್ಟ್‌ಮೆಂಟಿನವರು ನಾಯಿ ಸಾಕಬೇಡಿ ಅನ್ನೋ ಹಾಗಿಲ್ಲ, ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯೇ ಇದೆ, ಅದರ ಪ್ರಿಂಟ್‌ಔಟ್ ಕೂಡ ತೆಗೆದಿಟ್ಟಿದ್ದೆ. ಆದರೆ ವಾರಕ್ಕೆ ಮೂರು ದಿನ ಆಫೀಸು, ಒಂಬತ್ತಕ್ಕೆ ಹೊರಟರೆ ಏಳಕ್ಕೆ ವಾಪಸ್. ಹತ್ತು ಗಂಟೆ. ಬಂಕಿನಲ್ಲಿ ಹತ್ತು ಹೆಜ್ಜೆಗೇ ಹಾಗಾಗಿತ್ತು.

ಬೆಳಗ್ಗೆ ಕೈರಂಪಣಿ ಎಳೆಯೋಕೆ ಜನ ಸೇರಿದ್ದರು, ಎರಡು ಸಾಲಲ್ಲಿ ಹಗ್ಗ ಹಿಡಿದು. ನಾನೂ ಸ್ವಲ್ಪ ಹೊತ್ತು ಎಳೆದೆ, ಅಂಗೈ ಕಿತ್ತು ಬಂತು. ಎರಡು ಬೂತಾಯಿ ಎಸೆದರು ಕಾಳುಗೆ. ಮೂಸಿ ನೋಡಿ, ಅದು ಕೊನೆಯ ಸಲ ಬಾಲ ಬಡಿದದ್ದಕ್ಕೆ ಬೆಚ್ಚಿ ಹಿಂದೆ ಸರಿದ. ಆಮೇಲೆ ನಾನು ಬೇಯಿಸಿ ಅನ್ನಕ್ಕೆ ಕಲಸಿದಾಗ ಎರಡನ್ನೂ ತಿಂದ. ಅಪ್ಪನಿಗೆ ವರದಿ ಕೊಟ್ಟೆ.

ವಾಪಸ್ ಬರೋದು ಒಂದೇ ಓಟ, ಮಂಗಳೂರು, ಪುತ್ತೂರು, ಸುಳ್ಯ. ಸಂಪಾಜೆ ಘಾಟಿಯಲ್ಲಿ ತಣ್ಣನೆ ಗಾಳಿ ತಾಗಿದ್ದೇ ಹಿಂದೆ ಮಲಗಿದ್ದವ ಎದ್ದು ಕಿಟಕಿಗೆ ಮೂತಿ ಇಟ್ಟ.

ತೋಟ ಲೀಸ್‌ಗೆ ತಗೊಂಡವರು ಪಕ್ಕದ ಊರಿನವರೇ, ನಾಯಿ ಇರಲಿ, ನಾವು ನೋಡ್ಕೊಳ್ತೇವೆ ಅಂದರು. ಅಪ್ಪನಿಗೆ ಬಾಯಿಮಾತು ಸಾಲಲಿಲ್ಲ. ಮಡಿಕೇರಿಯ ವಕೀಲರ ಮುಂದೆ ಕೂತು, ಕರಾರಿನಲ್ಲಿ ಬರೀಬೇಕು ಅಂದರು. ವಕೀಲರು ನಕ್ಕರು, ಆದರೆ ಬರೆದರು. ಮೆಣಸಿನ ಬಳ್ಳಿ, ಪಂಪ್‌ಸೆಟ್ಟು, ಗೋಡೌನಿನ ಬೀಗದ ಕೈ ಆದಮೇಲೆ 14ನೇ ಕಲಮು: ಸದರಿ ತೋಟದಲ್ಲಿರುವ ಕಾಳು ಎಂಬ ಕಪ್ಪು ಗಂಡು ನಾಯಿಗೆ ದಿನಕ್ಕೆ ಎರಡು ಹೊತ್ತು ಊಟ, ವರ್ಷಕ್ಕೊಮ್ಮೆ ಲಸಿಕೆ ಹಾಕಿಸತಕ್ಕದ್ದು, ಕಟ್ಟಿ ಹಾಕಬಾರದು, ಕೂಡಿ ಹಾಕಬಾರದು. ಅದರ ಕೆಳಗೆ ನಾನು ಇನ್ನೊಂದು ಸಾಲು ಸೇರಿಸಿ ಅಂದೆ. ಮಾಲೀಕರ ಮಗ ತಿಂಗಳಿಗೊಮ್ಮೆ ಓಮ್ನಿ ತಂದು ನಾಯಿಯನ್ನು ಕರೆದೊಯ್ಯಲು ಬಂದಲ್ಲಿ ಅಡ್ಡಿಪಡಿಸತಕ್ಕದ್ದಲ್ಲ.

"ಎಲ್ಲಿಗೆ ಅಂತ ಬರೀಲಿ?" ಅಂದರು ವಕೀಲರು. ಅದನ್ನ ಖಾಲಿ ಬಿಡಿ ಅಂದೆ.