ಕರಿ ಕೋಟಿನ ಮೇಲೆ ದೂರು
ವಕೀಲರ ಮೇಲೆ ದೂರಿದ್ದರೆ ರಾಜ್ಯ ವಕೀಲರ ಪರಿಷತ್ತಿಗೇ ಹೋಗಬೇಕು. 1961ರ ವಕೀಲರ ಕಾಯ್ದೆಯಂತೆ ಶಿಸ್ತು ಸಮಿತಿಯಲ್ಲಿ ಮೂವರು, ಮೂವರೂ ವಕೀಲರೇ. ಪರಿಷತ್ತನ್ನು ಆರಿಸುವ ಮತದಾರರೂ ವಕೀಲರೇ. ನಾಳೆ ಯಾರ ಬಳಿ ಓಟು ಕೇಳಬೇಕೋ ಅವರ ಸನ್ನದನ್ನು ಇವತ್ತು ಕಿತ್ತುಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ? ವರ್ಷದೊಳಗೆ ಇತ್ಯರ್ಥವಾಗದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಅಲ್ಲೂ ಕರಿ ಕೋಟೇ! ಗ್ರಾಹಕ ನ್ಯಾಯಾಲಯದ ಬಾಗಿಲನ್ನಂತೂ ಸುಪ್ರೀಂ ಕೋರ್ಟ್ 2024ರಲ್ಲಿ ಮುಚ್ಚಿತು.

ಇಂಗ್ಲೆಂಡಿನಲ್ಲಿ 2007ರ ಕಾಯ್ದೆಯಿಂದ ಬಂದ, ವಕೀಲಿ ವೃತ್ತಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ವಕೀಲರಲ್ಲದವರದೇ ಬಹುಮತ. ಹಾಗಂತ ಸರ್ಕಾರದ ನಾಮನಿರ್ದೇಶಿತರು ಬೇಡ. ಅಂಥವರನ್ನು ಭಾರತೀಯ ವಕೀಲರ ಪರಿಷತ್ತಿಗೆ ತರಲು ಹೊರಟಿದ್ದ 2025ರ ಕರಡು ಮಸೂದೆಯ ವಿರುದ್ಧ ವಕೀಲರು ಬೀದಿಗಿಳಿದದ್ದು ಸರಿಯೇ. ಸರ್ಕಾರದ ವಿರುದ್ಧ ವಾದಿಸುವವರ ಜುಟ್ಟು ಸರ್ಕಾರದ ಕೈಲಿರಬಾರದು. ಆದರೆ ಶಿಸ್ತು ಸಮಿತಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರೋ ಲೆಕ್ಕಪರಿಶೋಧಕರೋ ಕೂತರೆ ವೃತ್ತಿಯ ಸ್ವಾತಂತ್ರ್ಯಕ್ಕೆ ಬರುವ ಕುಂದೇನು?